ಒಂದೇ ಆಟದ ಎರಡು ಫೈಲು

"ಇದಕ್ಕೆ ಮತ್ತೆ ಜೀವ ಬರುತ್ತಾ ಮೇಡಂ?"

ಆಶಾರಾಣಿ ತಲೆಯೆತ್ತಿದಳು. ಬೆಳಗಿನಿಂದ ಐದು ಬ್ಯಾಚಿಗೆ ಪಾಠ ಮಾಡಿ ಅವಳ ಕಣ್ಣುಗಳು ಉರಿಯುತ್ತಿದ್ದವು. ಕಂಪ್ಯೂಟರ್ ಸೆಂಟರಿನ ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ಸುಟ್ಟುಹೋದ ಒಂದು ಬೋರ್ಡು.

ಅವನು ಸಿದ್ಧಾರ್ಥ. ಅರಸೀಕೆರೆ ಸ್ಟೇಷನ್ ಎದುರು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಇದ್ದದ್ದು ಒಂದೇ ಮಷೀನು.

"ಬೋರ್ಡು ಸತ್ತಿದೆ ಕಣ್ರೀ. ಆದ್ರೆ ಮಷೀನ್ ಒಳಗೆ ಹಳೇ ಕಂಪ್ಯೂಟರ್ ಕೂರಿಸಬಹುದು. ಎಮ್ಯುಲೇಟರ್ ಅಂತ ಒಂದು ಸಾಫ್ಟ್‌ವೇರ್ ಇದೆ, ಈ ಬೋರ್ಡಿನ ಹಾಗೇ ನಟಿಸುತ್ತೆ. ಆಟದ ಫೈಲುಗಳು ಬೇಕಷ್ಟೆ."

"ನಟನೆ ಅಂತ ಆಡೋರಿಗೆ ಗೊತ್ತಾಗಲ್ವಾ?"

"ನಾನೂ ದಿನಾ ನಗ್ತಾ ಪಾಠ ಮಾಡ್ತೀನಿ. ಯಾರಿಗೆ ಗೊತ್ತಾಗಿದೆ?"

ಅವನು ನಗಲಿಲ್ಲ. ಅವಳನ್ನೇ ನೋಡಿದ.

"ನಂಗೆ ಗೊತ್ತಾಯ್ತು."

ಅವಳು ಕಣ್ಣು ತಗ್ಗಿಸಿದಳು... ಎದೆಬಡಿತ ಮಾತ್ರ ತಗ್ಗಲಿಲ್ಲ!

ಹಾಸನದಲ್ಲಿ ಇಂಥದೇ ಅಂಗಡಿ ಇಟ್ಟಿದ್ದ ಗಂಗಾಧರಪ್ಪನಿಂದ, ಮತ್ತೆ ಕೇಳಬಾರದೆಂಬ ಮಾತಿನ ಮೇಲೆ, ಸಿದ್ಧಾರ್ಥ ಆಟಗಳ ಸಿಡಿ ಎರವಲು ತಂದ. ಅವಳು ಅದನ್ನು ಕಂಪ್ಯೂಟರಿಗೆ ತುಂಬಿಸಿದಳು. ಸಿಡಿ ವಾಪಸ್ಸು ಹೋಯಿತು. ಆಮೇಲೆ ದಿನವೂ ಸಂಜೆ ಅಂಗಡಿಯಲ್ಲಿ ಅವನು ಹಳೆಯ ಕೀಬೋರ್ಡು ಬಿಚ್ಚಿ ಜಾಯ್‌ಸ್ಟಿಕ್ಕಿಗೆ ವೈರು ಬೆಸೆಯುತ್ತಿದ್ದ. ಯಾವ ಗುಂಡಿಗೆ ಯಾವ ಹೊಡೆತವೆಂದು ಅವಳು ಹೊಂದಿಸುತ್ತಿದ್ದಳು. ಮಾತು ಕಡಿಮೆ. ಆ ಮೌನದಲ್ಲಿ ಅವಳ ದಣಿವು ಒರಗಿಕೊಳ್ಳುತ್ತಿತ್ತು.

"ಖಾಲಿ ಸಿಡಿ ತನ್ನಿ. ಎಲ್ಲಾ ಒಂದು ಕಾಪಿ ಮಾಡಿಟ್ರೆ ನನ್ನ ಕೆಲಸ ಮುಗೀತು," ಎಂದಿದ್ದಳು.

"ನಾಳೆ ತತ್ತೀನಿ."

ಎಷ್ಟೋ ನಾಳೆಗಳು ಕಳೆದವು.

ಒಂದು ಸಂಜೆ ಹಾರ್ಡ್ ಡಿಸ್ಕ್ ತುಂಬಿತು. ಒಂದೇ ಆಟಕ್ಕೆ ಎರಡೆರಡು ಫೈಲು ಕಂಡವು, ಒಂದು ದೊಡ್ಡದು, ಒಂದು ಸಣ್ಣದು. ಬೇಡದ ನಕಲು ಅಳಿಸಿ ಎಂದು ದಿನವೂ ಪಾಠ ಹೇಳುವ ಆಶಾರಾಣಿ ದೊಡ್ಡವನ್ನೆಲ್ಲ ಅಳಿಸಿದಳು. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದಳು.

ಮರುದಿನ ಒಂದು ಆಟವೂ ತೆರೆಯಲಿಲ್ಲ.

ಸಣ್ಣ ಫೈಲು ಅದೇ ಆಟದ ಇನ್ನೊಂದು ಆವೃತ್ತಿ; ಅದರಲ್ಲಿ ಇದ್ದದ್ದು ಬದಲಾದ ಭಾಗ ಮಾತ್ರ. ಉಳಿದದ್ದನ್ನೆಲ್ಲ ಅದು ದೊಡ್ಡ ಫೈಲಿನಿಂದಲೇ ತೆಗೆದುಕೊಳ್ಳಬೇಕು. ಅದು ಗೊತ್ತಾದಾಗ ತಡವಾಗಿತ್ತು.

"ಕಾಪಿ... ನೀವೇ ಎಲ್ಲಾದ್ರೂ ಮಾಡ್ಸಿಟ್ಟಿದ್ದೀರಾ?"

ಸಿದ್ಧಾರ್ಥ ಮಷೀನಿನ ಸ್ವಿಚ್ಚು ಆರಿಸಿದ. ಅವಳು ಹೊರಗೆ ಬಂದ ಮೇಲೆ ಶಟರ್ ಎಳೆದ.

ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಶಟರಿನ ಮೇಲೆ ಚೀಟಿ: ಮಷೀನ್ ಮಾರಾಟಕ್ಕಿದೆ.

'ನನ್ನ ಮುಖ ನೋಡುವುದೂ ಬೇಡವಾಯಿತೇ?'

ಪಾಠ ಅರ್ಧಕ್ಕೆ ಬಿಟ್ಟು ಅವಳು ಅವನ ಮನೆಗೆ ನಡೆದಳು. ಜಗಲಿಯಲ್ಲಿ ಅವನ ತಾಯಿ ಸಣ್ಣತಾಯಮ್ಮ ಹುರುಳಿ ಕೇರುತ್ತಿದ್ದಳು.

"ಕಂಪ್ಯೂಟರ್ ಮೇಡಮ್ಮೋರಾ? ಬಾರವ್ವ. ಮೂರು ದಿನದಿಂದ ಬಾಯಿಗೆ ಬೀಗ ಹಾಕ್ಕಂಡು ಕೂತವ್ನೆ. ನೀನಾದ್ರೂ ಉಗಿ!"

"ನನ್ಮೇಲೆ ಕೋಪ ಇದ್ಯಾ ಅಮ್ಮ?"

"ಕೋಪ ಆಗಿದ್ರೆ ತಟ್ಟೆ ಎಸೀತಿದ್ದ. ಇದು ನಾಚ್ಕೆ ಕಣವ್ವ."

ಒಳಗಿಂದ ಸಿದ್ಧಾರ್ಥ ಬಂದ. ಗಡ್ಡ ಬೆಳೆದಿತ್ತು.

"ತಪ್ಪು ನಂದು," ಎಂದಳು ಆಶಾರಾಣಿ.

"ಅಲ್ಲ. ಖಾಲಿ ಸಿಡಿ ಅವತ್ತೇ ತಂದಿದ್ದೆ. ಗಲ್ಲಾದಲ್ಲೇ ಐತೆ."

"ಮತ್ತೆ ಯಾಕ್ರೀ ಕೊಡ್ಲಿಲ್ಲ?"

"ಕೊಟ್ಟಿದ್ರೆ ಮಾರನೇ ದಿನದಿಂದ ನೀವು ಬತ್ತಿರ್ಲಿಲ್ವಲ್ಲ..."

ಮೊರದ ಸದ್ದು ನಿಂತಿತು. ಸಣ್ಣತಾಯಮ್ಮ ಮೊರ ಎತ್ತಿಕೊಂಡು ಮೆಲ್ಲಗೆ ಒಳಗೆ ಹೋದಳು.

ಆಶಾರಾಣಿ ಜಗಲಿಯ ಮೇಲೆ ಕುಸಿದು ಕೂತಳು. ಅಳು ಬಂತು, ಜೊತೆಗೆ ನಗುವೂ!

"ದಡ್ಡ ಕಣೋ ನೀನು! ಹೋಗಿ ಆ ಚೀಟಿ ಹರಿ. ಭಾನುವಾರ ಇಬ್ರೂ ಹಾಸನಕ್ಕೆ ಹೋಗಿ ಗಂಗಾಧರಪ್ಪನ್ನ ಕೇಳೋಣ."

"ಅವ್ನು ಕೊಡದಿದ್ರೆ?"

"ಒಂದೊಂದೇ ಫೈಲು ಹುಡುಕೋಣ."

"ವರ್ಷ ಹಿಡಿಯುತ್ತೆ."

"ಹಿಡೀಲಿ."

ಅವನು ಅವಳ ಪಕ್ಕ, ಒಂದು ಗೇಣು ಬಿಟ್ಟು ಕೂತ.

"ಅಷ್ಟು ದಿನ ನನ್ ಜೊತೆ... ಬೇಜಾರಾಗಲ್ವಾ ನಿಂಗೆ?"

"ಆಗುತ್ತೆ," ಎಂದಳು ಅವಳು. "ಆದ್ರೂ ಇರ್ತೀನಿ."