ಗೋದಾಮಿನ ಕ್ಯಾಸೆಟ್

ತೊಂಬತ್ಮೂರರಲ್ಲಿ ನನ್ನ ಗಂಡ ಇಬ್ಬರು ಗೆಳೆಯರ ಜೊತೆ ಬ್ಯಾಡಗಿಯ ಖಾಲಿ ಮೆಣಸಿನಕಾಯಿ ಗೋದಾಮಿನಲ್ಲಿ ಕೂತು ಒಂದು ಕ್ಯಾಸೆಟ್ ಮಾಡಿದರು. ಗಿಟಾರ್ ನುಡಿಸಲು ಯಾರಿಗೂ ಬರುತ್ತಿರಲಿಲ್ಲ. ಡ್ರಮ್ಮಿನ ಬದಲು ಎಣ್ಣೆ ಡಬ್ಬಿ ಬಡಿದಿದ್ದರು, ಒಬ್ಬ ಬರೀ ಚೀರುತ್ತಿದ್ದ. ಕೇಳಿದವರೆಲ್ಲ ನಕ್ಕರು. ನನಗೆ ಮಾತ್ರ ಅದರ ಹುಚ್ಚು ಹತ್ತಿತು. ಆ ಗದ್ದಲದಲ್ಲಿ ಪ್ರತಿ ಸಲ ಹೊಸದೇನೋ ಕೇಳಿಸುತ್ತಿತ್ತು. ದಿನಾ ಮಧ್ಯಾಹ್ನ ಮಿಶಿನ್ನಿನ ಮೇಲೆ ಬಟ್ಟೆ ಹೊಲಿಯುತ್ತ ಅದನ್ನೇ ಹಚ್ಚುತ್ತಿದ್ದೆ.

ಒಂದು ದಿನ ದಾರ ಹರಿಯಿತೆಂದು ಕಾಲು ನಿಲ್ಲಿಸಿದೆ. ಮಿಶಿನ್ನಿನ ಸಪ್ಪಳ ನಿಲ್ಲಲಿಲ್ಲ. ಅದು ಟೇಪಿನಿಂದ ಬರುತ್ತಿತ್ತು. ನನ್ನ ಪೆಡಲಿನದೇ ಕಿರುಗುಟ್ಟುವ ಸದ್ದು.

"ಗೋದಾಮಿನ್ಯಾಗ ಹೊಲಿಗಿ ಮಿಶಿನ್ ಇತ್ತೇನ್ರಿ?" ಎಂದು ಗಂಡನನ್ನು ಕೇಳಿದೆ.

"ಅಲ್ಲೆಲ್ಲಿ ಮಿಶಿನ್? ನಾವ ಮೂರು ಮಂದಿ ಇದ್ವಿ, ಅಷ್ಟ," ಎಂದರು. ಟೇಪು ಹಚ್ಚಿ ತೋರಿಸಿದರೆ ಅವರಿಗೆ ಆ ಸಪ್ಪಳ ಕೇಳಿಸಲೇ ಇಲ್ಲ.

ಹೆದರಿಕೆಯಾಗಿ ಕ್ಯಾಸೆಟ್ಟನ್ನು ರಾಣೆಬೆನ್ನೂರಿನ ಅಕ್ಕ ದೌಲತಬಿಗೆ ಕೊಟ್ಟುಬಂದೆ. ಸಪ್ಪಳದ ಮಾತು ಎತ್ತಲಿಲ್ಲ. ಅಕ್ಕನಿಗೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಾಗಿರಲಿಲ್ಲ. ವಾರ ಬಿಟ್ಟು ಹೋದಾಗ ಅವಳು ಟೇಪಿಗೆ ಕಿವಿ ಹಚ್ಚಿ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ.

"ಇದನ್ನ ಒಯ್ಯಬ್ಯಾಡ ಖತೀಜಾ," ಎಂದಳು. "ಇದರಾಗ ಯಾರೋ ತೊಟ್ಟಿಲಾ ತೂಗಾಕತ್ತಾರ."

ಅವಳ ಬಲಗೈ ಕಾಣದ ಹಗ್ಗವೊಂದನ್ನು ಹಿಡಿದಂತೆ ಮೆಲ್ಲಗೆ ಹಿಂದೆಮುಂದೆ ಆಡುತ್ತಿತ್ತು. ಟೇಪು ಆರಿಸಿದೆ. ಕೈ ನಿಲ್ಲಲಿಲ್ಲ.