ಕಿವಿಯಿಲ್ಲದ ಅಮ್ಮನ ಕಾಯಿ

“ನೋಡೋದಿದ್ರೆ ನೋಡಿ ಸಾವ್ಕಾರ್ರೇ, ಕೈ ಮುಗಿಯೋದಿದ್ರೆ ಮುಗೀರಿ. ಕಾಯಿನ ಕಿವಿ ಹತ್ರ ಮಾತ್ರ ತರಬ್ಯಾಡಿ,” ಅಂದ ಪೂಜಾರಿ ಜವರಯ್ಯ.

ಕಲ್ಲೇಶಪ್ಪ ನಕ್ಕುಬಿಟ್ಟ. ಬಾಣಾವರದ ಕೊಬ್ಬರಿ ವ್ಯಾಪಾರಿಗೆ ಹೇಳುವ ಮಾತೇ ಇದು? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸಿಪ್ಪೆ ಸಮೇತ ಎತ್ತಿ, ಕಿವಿಯ ಬಳಿ ಒಂದೇ ಒಂದು ಸಲ ಅಲ್ಲಾಡಿಸಿ, ಒಳಗೆ ನೀರಿದೆಯೋ, ತಿರುಳು ಚಿಪ್ಪಿಗೆ ಅಂಟಿದೆಯೋ, ಒಣಗಿ ಚಿಪ್ಪು ಬಿಟ್ಟು ಗಿಟುಕಾಗಿದೆಯೋ ಹೇಳುವುದರಲ್ಲಿ ತನ್ನನ್ನು ಮೀರಿಸುವವರು ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಜಂಬ ಹೌದು, ಆದರೆ ಸುಳ್ಳಲ್ಲ.

ಎಪ್ಪತ್ತೆಂಟನೇ ಇಸವಿಯ ಒಂದು ಶುಕ್ರವಾರ, ಉರಿಬಿಸಿಲಿನ ಮಧ್ಯಾಹ್ನ. ಕಣಕಟ್ಟೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಅವನ ಹೆಂಡತಿಯ ತವರು. ಎಂಟು ತಿಂಗಳ ಬಸುರಿ ಶಿವಗಂಗಮ್ಮ ಅಲ್ಲಿಗೆ ಬಂದು ಎರಡು ತಿಂಗಳಾಗಿತ್ತು. ಹಿಂದೆ ಎರಡು ಬಸಿರು ಕೈಜಾರಿದ್ದವು. ಎರಡನೆಯದು ಹೋದಾಗ ಬಚ್ಚಲ ಹಿಂದಿನ ಬಾಳೆಬುಡದಲ್ಲಿ ಕೂದಲು ಸುತ್ತಿದ ಒಂದು ಸಣ್ಣ ಗೊಂಬೆ ಸಿಕ್ಕಿತ್ತು. ಅದರ ಹೊಟ್ಟೆಗೆ ಜಾಲಿಮುಳ್ಳು ಚುಚ್ಚಿತ್ತು. ಅತ್ತೆ ರುದ್ರಮ್ಮ ಅದನ್ನು ಮಡಿಲಿಗೆ ಕಟ್ಟಿಕೊಂಡು ನೇರ ತವರೂರಿನ ಈ ಗುಡಿಗೆ ಬಂದು, ಮಗಳ ಹೆಸರಿನಲ್ಲಿ ಕಾಯಿ ಕಟ್ಟಿಸಿದ್ದಳು.

ಗುಡಿ ಹಳೇಬೀಡಿನ ಗುಡಿಗಳ ಕಾಲದ್ದು ಅನ್ನುತ್ತಿದ್ದರು. ಹೊರಗೆ ಕಣ್ಣು ಬಿಡಲಾಗದ ಬೆಳಕು, ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ಕತ್ತಲು. ಬಾವಲಿಯ ಹಿಕ್ಕೆ, ಹರಳೆಣ್ಣೆಯ ಕಿಟ್ಟ, ಕಮಟು ಹಿಡಿದ ಕೊಬ್ಬರಿ ಎಲ್ಲ ಸೇರಿದ ಒಂದು ನಾತ. ಗರ್ಭಗುಡಿಯ ಅಮ್ಮನ ಮುಖಕ್ಕೆ ಕಣ್ಣು, ಮೂಗು, ಬಾಯಿ ಎಲ್ಲ ಇದ್ದವು. ಕಿವಿ ಇರಬೇಕಾದ ಕಡೆ ನುಣ್ಣಗಿನ ಕಲ್ಲು.

ಕಲ್ಲು ಕೆತ್ತಿದ ರೂವಾರಿ ಮರೆತದ್ದಲ್ಲ ಅದು. ಮಾಟಕ್ಕೆ ಕೈಯಿಲ್ಲ, ಕಾಲಿಲ್ಲ, ಇರುವುದು ತಾಗಬೇಕಾದವರ ಹೆಸರು ಮಾತ್ರ. ಕೇಳುವ ಕಿವಿ ಸಿಕ್ಕರೆ ಆ ಹೆಸರು ಹಿಡಿದು ದಾರಿ ಮಾಡಿಕೊಳ್ಳುತ್ತದೆ ಎಂದು ಊರಿನ ನಂಬಿಕೆ. ಅದಕ್ಕೇ ಮಾಟವನ್ನು ಕಾಯಿಯೊಳಗೆ ಕೂಡಿಹಾಕಿ ಕಿವಿಯಿಲ್ಲದ ಅಮ್ಮನ ಮುಂದೆ ತೂಗುಹಾಕುತ್ತಾರೆ. ಕಾಯಿಯ ನೀರು ಆರಿದಂತೆ ಅದೂ ಆರುತ್ತದೆ. ಪೂರ್ತಿ ಒಣಗಿದ ದಿನ ಹಗ್ಗ ಕಳಚಿ ತಾನಾಗಿ ಬೀಳುತ್ತದೆ. ಆಗ ಜವರಯ್ಯ ಅದನ್ನು ಸುಡುತ್ತಾನೆ.

ಕಲ್ಲೇಶಪ್ಪನಿಗೆ ಇದ್ದ ಸಂಕಟವೇ ಬೇರೆ. ಅವನಿಗೆ ಹೆಂಡತಿಯನ್ನು ಅರಸೀಕೆರೆಯ ಆಸ್ಪತ್ರೆಗೆ ಸೇರಿಸಬೇಕಿತ್ತು. ಈ ಸಲವೂ ಮಗು ಹೋದರೆ ಅವಳು ಉಳಿಯುವುದಿಲ್ಲ ಎಂಬ ಭಯ ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ರುದ್ರಮ್ಮನದು ಒಂದೇ ಹಟ: “ಕಾಯಿ ಬೀಳೋಗಂಟ ಅವಳು ಊರ ಗಡಿ ದಾಟಂಗಿಲ್ಲ ಅಳಿಯಂದ್ರೇ.” ಕಟ್ಟಿ ಹತ್ತು ತಿಂಗಳಾಗಿದೆ, ಒಣಗಿರಲೇಬೇಕು. ಒಂದು ಸಲ ಅಲ್ಲಾಡಿಸಿ ‘ಗಿಟುಕಾಗಿದೆ’ ಅಂದರೆ ಮುಗಿಯಿತಲ್ಲ ಎಂದುಕೊಂಡು ಬಂದಿದ್ದ.

ಜವರಯ್ಯ ಎಣ್ಣೆ ತರಲು ಹಿಂದಿನ ಕೋಣೆಗೆ ಹೋದ. ತಾಯಿ ಮಗಳು ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದರು. ಕಲ್ಲೇಶಪ್ಪ ಕಲ್ಲಿನ ಜಗಲಿ ಹತ್ತಿದ. ತಲೆಯ ಮೇಲೆ ಸಾಲುಸಾಲು ಕಾಯಿ, ಮಸಿ ಹಿಡಿದು ಬಾವಲಿಗಳ ಹಾಗೆ ತೂಗುತ್ತಿದ್ದವು. ಶಿವಗಂಗಮ್ಮನ ಹಸಿರು ಕುಪ್ಪಸದ ಚೂರು ಕಟ್ಟಿದ ಕಾಯಿ ಗುರುತು ಸಿಕ್ಕಿತು. ಮುಟ್ಟಿದ. ಬೆಚ್ಚಗಿತ್ತು. ಬೇಸಿಗೆ ಅಲ್ಲವೇ ಎಂದುಕೊಂಡು ಕಿವಿಗೆ ಹಿಡಿದು ಅಲ್ಲಾಡಿಸಿದ.

ಗುಳಕ್.

ನೀರು. ಹತ್ತು ತಿಂಗಳ ಕಾಯಲ್ಲಿ ಎಳನೀರಿನಷ್ಟು ನೀರು. ಅವನ ಕಸುಬಿಗೇ ಅವಮಾನವಾದಂತಾಯಿತು. ಕಿವಿಯನ್ನು ಇನ್ನೂ ಒತ್ತಿ ಹಿಡಿದು ಮತ್ತೊಮ್ಮೆ ಅಲ್ಲಾಡಿಸಿದ.

ಗುಳಕ್. ಗುಳಕ್. ಕೈ ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ. ಬಾಯಿ ತುಂಬ ನೀರು ತುಂಬಿಕೊಂಡವರು ಮಾತಾಡಿದ ಹಾಗೆ ಒಳಗೆ ಏನೋ ತೊದಲಿತು. ತಡೆಯಿತು. ಮತ್ತೆ ತೊದಲಿತು. ಆಮೇಲೆ ಸ್ಪಷ್ಟವಾಗಿ ಕೇಳಿಸಿತು.

“ಗಂಗಾ.”

ಹೊರಗೆ ಶಿವಗಂಗಮ್ಮ ಚೀರಿದಳು.

ಕಲ್ಲೇಶಪ್ಪ ಕಾಯಿ ಬಿಟ್ಟು ಹೊರಗೆ ಓಡಲು ನೋಡಿದ. ಕಾಯಿ ಕಿವಿಯಿಂದ ಬರಲೊಲ್ಲದು. ಎಳೆದ. ಬರಲಿಲ್ಲ. ಹೊರಗಿನಿಂದ ರುದ್ರಮ್ಮನ ಕೂಗು: “ರಗುತ! ಅಯ್ಯೋ, ರಗುತ ಕಣಪ್ಪೋ!” ಒಳಗೆ ಅದೇ ಒದ್ದೆ ದನಿ. ಗಂಗಾ. ಗಂಗಾ. ಗಂಗಾ.

ಓಡಿ ಬಂದ ಜವರಯ್ಯನ ಕೈಯಿಂದ ಎಣ್ಣೆಗಿಂಡಿ ಬಿತ್ತು.

“ಕೇಳಿಸ್ಕೊಂಡ್ರಾ?”

ಕಲ್ಲೇಶಪ್ಪ ತಲೆಯಾಡಿಸಿದ.

“ದಾರಿ ಕೊಟ್ಬಿಟ್ರಲ್ಲ ಸಾವ್ಕಾರ್ರೇ! ನಿಮ್ಮ ಕಿವೀಲಿ ಹೊರಟೈತೆ ಅದು.”

“ಏನಾದ್ರೂ ಮಾಡು ಪೂಜಾರಪ್ಪ. ನಿನ್ ಕಾಲಿಗೆ ಬೀಳ್ತೀನಿ, ನನ್ ಮಗು...”

“ನಾನು ಮಾಡಾಕಿಲ್ಲ, ನೀವೇ ಮಾಡ್ಬೇಕು. ಅವಳ ಹೆಸ್ರಿನ ಬದ್ಲು ನಿಮ್ಮ ಹೆಸ್ರು ಕೊಡಿ. ಕೊಟ್ಟು ನೀರು ಕುಡೀರಿ. ಒಂದು ತೊಟ್ಟೂ ನೆಲಕ್ಕೆ ಬೀಳಬಾರ್ದು.”

ಯೋಚಿಸಲು ಹೊತ್ತಿರಲಿಲ್ಲ. ಕಿವಿಗಂಟಿದ ಕಾಯಿಗೆ ಕೇಳುವ ಹಾಗೆ ಅವನು ತನ್ನ ಹೆಸರು ಹೇಳಿದ. ಕಾಯಿ ಕಿವಿ ಬಿಟ್ಟಿತು. ಜವರಯ್ಯ ಹಗ್ಗ ಕೊಯ್ದು, ಮಚ್ಚಿನಿಂದ ಸಿಪ್ಪೆ ಕೆತ್ತಿ ಕಣ್ಣು ತೂತು ಮಾಡಿದ. ಸತ್ತ ಇಲಿಯ ನಾತ. ನೀರು ಕಪ್ಪಗೆ, ಮಂದವಾಗಿ, ಮೈಬಿಸಿಯಷ್ಟೇ ಬಿಸಿ. ಕಲ್ಲೇಶಪ್ಪ ಮೂಗು ಹಿಡಿದು ಕುಡಿದ. ಗಂಟಲಲ್ಲಿ ಕೂದಲು ಸಿಕ್ಕಿತು. ನುಂಗಿದ. ಕೊನೆಯ ಹನಿಯವರೆಗೂ ಕುಡಿದ.

ಹೊರಗಿನ ಚೀರಾಟ ನಿಂತಿತು. ಎರಡು ನಿಮಿಷದ ಮೇಲೆ ಶಿವಗಂಗಮ್ಮನ ಸಣ್ಣ ದನಿ ಬಂತು: “ಅವ್ವಾ, ಕೂಸು ಒದೀತಾ ಐತೆ.”

ಕಲ್ಲೇಶಪ್ಪ ಅಲ್ಲೇ ಕುಸಿದು ಅತ್ತ. ಜವರಯ್ಯನ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ.

“ಅದಕ್ಕೆ ಬೇಕಾಗಿರಾದು ನಿಮ್ಮ ಹೆಂಡ್ತಿ ಅಲ್ಲ, ಕೂಸು. ಕೂಸಿಗೆ ಹೆಸ್ರಿಲ್ಲ ಅಂತ ತಾಯಿ ಹೆಸ್ರು ಹಿಡ್ದಿತ್ತು. ಹೆರಿಗೆ ಆದ್ಮೇಲೆ ಆ ದಾರಿ ಮುಚ್ತದೆ. ಈಗ ಅದು ನಿಮ್ಮೊಳಗೈತೆ, ನಿಮ್ಮ ಕಿವೀಲಿ ಕೇಳ್ತದೆ. ಕೂಸಿನ ಹೆಸ್ರು ನಿಮ್ಮ ಕಿವಿಗೆ ಬೀಳಬಾರ್ದು. ಬಿದ್ದ ದಿನ ಕೂಸು ಇರಾಕಿಲ್ಲ.”

“ಎಷ್ಟು ದಿನ?”

“ಕಾಯಿಗಾದ್ರೆ ವರ್ಷ. ಮನುಷ್ರು ಒಣಗಿದ್ದು ನಾನು ನೋಡಿಲ್ಲ.”

ಹೆಣ್ಣು ಮಗು ಹುಟ್ಟಿತು, ಗುಂಡುಗುಂಡಾಗಿ. ತಾಯಿ ಮಗು ತವರಲ್ಲೇ ಉಳಿದರು. ನಾಮಕರಣದ ದಿನ ಕಲ್ಲೇಶಪ್ಪ ಬಾಣಾವರದ ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಆಮೇಲೆ ತಿಂಗಳಿಗೊಮ್ಮೆ ಹೋಗುತ್ತಿದ್ದ. ಅವನು ಬಂದಾಗ ಮನೆಯವರೆಲ್ಲ ‘ಕೂಸು’ ಅನ್ನುತ್ತಿದ್ದರು. ಮಗುವಿನ ಹೆಸರು ಸೇರಿದ ರೇಷನ್ ಕಾರ್ಡನ್ನು ಅವನು ಬಿಡಿಸಿ ನೋಡುತ್ತಿರಲಿಲ್ಲ. ಓದಿದರೂ ಒಳಗೆ ಕೇಳಿಸುತ್ತದಲ್ಲ. ಎಲ್ಲಿ ಸದ್ದಡಗಿದರೂ, ಊಟಕ್ಕೆ ಕೂತಾಗ, ಸ್ನಾನ ಮಾಡುವಾಗ, ಅವನೊಳಗೆ ನೀರು ಅಲುಗುತ್ತಿತ್ತು. ಆ ಒದ್ದೆ ದನಿ ತಾಳ್ಮೆಯಿಂದ ಕೇಳುತ್ತಿತ್ತು: “ಹೆಸರೇನು?”

ಮಗುವಿಗೆ ಮೂರು ತುಂಬಿತು. ಅದೊಂದು ಭಾನುವಾರ ಅವನು ಕಣಕಟ್ಟೆಯಲ್ಲಿ ಬಸ್ಸಿಳಿದಾಗ, ಎಂದೂ ಬಾರದ ಶಿವಗಂಗಮ್ಮ ಮಗುವನ್ನು ಕರೆದುಕೊಂಡು ಎದುರಿಗೆ ಬಂದಿದ್ದಳು. ಅಪ್ಪನನ್ನು ಕಂಡ ಮಗು ತಾಯಿಯ ಕೈ ಬಿಡಿಸಿಕೊಂಡು ಓಡಿ ಬಂತು. ಅವನು ಎತ್ತಿಕೊಂಡ. ಎಣ್ಣೆ ಹಚ್ಚಿದ ತಲೆ, ಕೊರಳಲ್ಲಿ ಬೆವರು. ಪ್ರಪಂಚದಲ್ಲಿ ಇದಕ್ಕಿಂತ ಹಿತವಾದದ್ದು ಅವನಿಗೆ ಬೇರೆ ಇರಲಿಲ್ಲ.

“ಅಪ್ಪಾ, ನಂಗೆ ಹೆಸ್ರು ಹೇಳಾಕೆ ಬತ್ತದೆ!” ಅಂದಿತು ಮಗು.

ಒಳಗಿನ ನೀರು ಗಕ್ಕನೆ ನಿಂತಿತು.

“ನನ್ ಹೆಸ್ರು...”

ಕಲ್ಲೇಶಪ್ಪ ಅಂಗೈಯಿಂದ ಅದರ ಬಾಯಿ ಮುಚ್ಚಿದ. ಒತ್ತಿ ಹಿಡಿದ. ಪುಟ್ಟ ತುಟಿಗಳು ಅಂಗೈಯಡಿ ಅಲುಗುತ್ತಲೇ ಇದ್ದವು. ಅವನು ಕಣ್ಣು ಮುಚ್ಚಿ, ಏನೂ ಕೇಳಿಸಬಾರದೆಂದು ಹುಚ್ಚನಂತೆ ಕಿರುಚತೊಡಗಿದ. ಬಸ್ಸಿನ ಜನ ಇಣುಕಿ ನೋಡಿದರು. ಶಿವಗಂಗಮ್ಮ ಓಡಿ ಬಂದು, ಅವನ ಬೆರಳು ಒಂದೊಂದಾಗಿ ಬಿಡಿಸಿ ಮಗುವನ್ನು ಕಿತ್ತುಕೊಂಡಳು. ಅದರ ಕೆನ್ನೆಯ ಮೇಲೆ ಅವನ ಕೈ ಅಚ್ಚು ಬಿದ್ದಿತ್ತು. ತಾಯಿಯ ಹೆಗಲಿಗೆ ಮುಖ ಒತ್ತಿ, ಅಪ್ಪನ ಕಡೆ ತಿರುಗಲೊಲ್ಲದೆ ಅದು ಬಿಕ್ಕಿ ಬಿಕ್ಕಿ ಅತ್ತಿತು.

“ಇನ್ಮೇಲೆ ಬರಬ್ಯಾಡ್ರಿ,” ಅಂದಳು ಶಿವಗಂಗಮ್ಮ, ತಾನೂ ಅಳುತ್ತ. “ಒಂದ್ಸಲ ತೋರಿಸಿ ಇದ್ನ ಹೇಳಾಣ ಅಂತ್ಲೇ ಎದುರಿಗೆ ಬಂದೆ. ಅದು ಮಾತು ಕಲ್ತುಬಿಟ್ಟೈತೆ ಕಣ್ರೀ.”

ಅವಳು ಮಗುವನ್ನು ಎತ್ತಿಕೊಂಡು ಊರ ದಾರಿ ಹಿಡಿದಳು. ಅಳು ತೋಟದ ತಿರುವಿನವರೆಗೂ ಕೇಳಿಸುತ್ತಿತ್ತು. ಅಳುವಿನಲ್ಲಿ ಹೆಸರಿರುವುದಿಲ್ಲ. ಕಲ್ಲೇಶಪ್ಪ ರಸ್ತೆಯಲ್ಲೇ ನಿಂತು, ಅದು ಪೂರ್ತಿ ಅಡಗುವವರೆಗೂ ಕೇಳಿಸಿಕೊಂಡ.