ಟಾರ್ಮೋಡ್ ಮನೆತನದ ಹಾಳೆ

ಸೋಮವಾರ ಬೆಳಿಗ್ಗೆ ಇಷ್ಬೆಲ್ ಮನೆಯ ಹಳೆಯ ಬೈಬಲ್ ತೆರೆದಾಗ ಹಾಳೆ ಇರಲಿಲ್ಲ. ಹರಿದದ್ದಲ್ಲ. ಹರಿತ ಅಲಗಿನಿಂದ, ನೂಲು ಹಿಡಿದಂತೆ ಕೊಯ್ದದ್ದು.

ಕಾನ್‌ಸ್ಟೆಬಲ್ ಲಾಕ್ಲನ್ ಆ ಅಂಚಿನ ಮೇಲೆ ಬೆರಳಾಡಿಸಿದ.

"ಅದ್ರಲ್ಲಿ ಏನಿತ್ತಕ್ಕ?"

"ಹ್ಯಾರಿಸ್ ದ್ವೀಪದಿಂದ ಹಡಗು ಹತ್ತಿ ಈ ಕೇಪ್ ಬ್ರೆಟನ್ನಿಗೆ ಬಂದ ಟಾರ್ಮೋಡ್ ಮುತ್ತಜ್ಜನ ಪೀಳಿಗೆ. ಹುಟ್ಟು, ಮದುವೆ, ಎಲ್ಲ. ನಾನು ಈ ಮನೆಯವಳು ಅನ್ನೋದಕ್ಕೆ ಅದೊಂದೇ ಸಾಕ್ಷಿ. ಗುರುವಾರ ನ್ಯಾಯಾಧೀಶರು ಕೇಳ್ತಾರೆ. ಹಾಳೆ ಇಲ್ಲದಿದ್ರೆ ಮನೆ ಬಾಸ್ಟನ್ನಿನ ದಾಯಾದಿ ಹೆಕ್ಟರನ ಪಾಲು."

"ಹುಟ್ಟು ಬರೆಯೋದು ಮೊದಲ ಖಾಲಿ ಹಾಳೇಲಿ ಅಲ್ವಾ? ಇದು ನಡುವಿನದು."

"ಹಡಗಲ್ಲಿ ಉಪ್ಪುನೀರು ಕುಡಿದು ಮೊದಲ ಹಾಳೆ ಕೊಳೆತಿತ್ತಂತೆ. ಹಳೇ ಒಡಂಬಡಿಕೆ ಮುಗಿಯೋ ಪುಟದ ಕೆಳಗೆ ಜಾಗ ಕಂಡು ಬರೆದ್ರು. ಅಪ್ಪ ಹೋದ ಮೇಲೆ ಅದು ಯಾವ ಪುಟ ಅಂತ ಗೊತ್ತಿರೋದು ನನಗೊಬ್ಬಳಿಗೇ."

"ಕೊನೇ ಸಲ ನೋಡಿದ್ದು?"

"ಶುಕ್ರವಾರ. ಶನಿವಾರ ಇಲ್ಲಿ ಪ್ರಾರ್ಥನೆ ಕೂಟ ಇತ್ತು. ಹೆಕ್ಟರನೂ ಬಂದಿದ್ದ. ದೇವರಿಗಲ್ಲ, ಓಟ್ಸ್ ರೊಟ್ಟಿಗೆ."

* * *

ಹೆಕ್ಟರ್ ಬಂದರಿನ ವಸತಿಗೃಹದಲ್ಲಿದ್ದ. ದಿನಪತ್ರಿಕೆಯ ಚೂರು ಹರಿದು ಪೈಪ್ ಹಚ್ಚುತ್ತಿದ್ದ.

"ನಾನೇ ಕದ್ದಿದ್ರೆ ಹರಿದು ಅಲ್ಲೇ ಒಲೆಗೆ ಹಾಕ್ತಿದ್ದೆ ಕಣಯ್ಯ. ನಾಜೂಕಾಗಿ ಕೊಯ್ಯೋಕೆ ನಾನೇನು ದರ್ಜಿಯೇ?"

ಅವನು ಲೋಟ ಎತ್ತಿದ. ಕೈ ಅದುರಿ ವಿಸ್ಕಿ ಅಂಗಿಯ ಮೇಲೆ ಚೆಲ್ಲಿತು. ಈ ಕೈ ಗೆರೆ ಹಿಡಿದು ಕೊಯ್ಯಲಾರದು. ಲಾಕ್ಲನ್ ಎದ್ದ.

* * *

ಇಗರ್ಜಿಯಲ್ಲಿ ಕೀರ್ತನೆಯ ಒಂದೊಂದು ಸಾಲನ್ನೂ ಮೊದಲು ಎತ್ತಿಕೊಡುವವನು ಮುರ್ಡೋ. ಟಾರ್ಮೋಡನ ಮಗಳ ಕಡೆಯವ. ದೋಣಿಮನೆಯಲ್ಲಿ ಕೂತು ಚೂರಿಯಿಂದ ಬಲೆಯ ಗಂಟು ಕೊಯ್ಯುತ್ತಿದ್ದ.

"ಮಾವ, ಶನಿವಾರ ಇಷ್ಬೆಲಕ್ಕನ ಬೈಬಲ್ ಯಾರಾದ್ರೂ ಮುಟ್ಟಿದ್ರಾ?"

"ನಾನು ಕಾಣೆ. ಓದಿದ್ದು ನನ್ನದರಲ್ಲಿ. ಅವಳದನ್ನ ಜನ್ಮದಲ್ಲಿ ತೆರೆದಿಲ್ಲ."

"ಅವರ ಹುಟ್ಟಿನ ಹಾಳೆ ಕಳುವಾಗಿದೆ. ಹೆಕ್ಟರ್ ಸುಟ್ಟಿರಬೇಕು."

"ಸುಡೋದಾ? ದೇವರ ಮಾತು ಅಚ್ಚಾಗಿರೋ ಹಾಳೆನ ಯಾವ ಪಾಪಿ ಸುಡ್ತಾನೆ!"

ಲಾಕ್ಲನ್ ಅವನ ಕೈಯ ಚೂರಿಯನ್ನೇ ನೋಡಿದ. ಚೂರಿ ನಿಂತಿತು. ಹೊರಗೆ ಅಲೆಯೊಂದು ಬಂದು ಹೋಯಿತು.

"ಊರಿನ ಎಲ್ಲ ಮನೇಲೂ ಹುಟ್ಟು ಬರೆಯೋದು ಖಾಲಿ ಹಾಳೇಲಿ, ಮಾವ. ಈ ಹಾಳೇಲಿ ದೇವರ ಮಾತಿದೆ ಅಂತ ಇಷ್ಬೆಲಕ್ಕನಿಗೆ ಮಾತ್ರ ಗೊತ್ತು. ಮತ್ತೆ ಕೊಯ್ದವನಿಗೆ. ಅವನು ಒಂದಕ್ಷರವೂ ಕೆಡದ ಹಾಗೆ ಕೊಯ್ದಿದ್ದಾನೆ. ಅಕ್ಷರಕ್ಕೆ ಹೆದರೋನು. ಸುಡಲಾರ, ಎಸೆಯಲಾರ. ಅಂದ್ರೆ ಹಾಳೆ ಇನ್ನೂ ಅವನ ಹತ್ರವೇ ಇದೆ."

ಮುರ್ಡೋ ಚೂರಿ ಕೆಳಗಿಟ್ಟು ಒಳಜೇಬಿಗೆ ಕೈ ಹಾಕಿದ. ಕೀರ್ತನೆ ಪುಸ್ತಕದ ನಡುವೆ, ಇಸ್ತ್ರಿ ಮಾಡಿದ ಕರವಸ್ತ್ರದಲ್ಲಿ ಹಾಳೆಯಿತ್ತು.

"ಎಲ್ಲರೂ ಚಹಾಕ್ಕೆ ಎದ್ದಾಗ ಸುಮ್ಮನೆ ತೆರೆದೆ. ಕಣ್ಣಿಗೆ ಬಿತ್ತು. ನಮ್ಮಜ್ಜ ಹುಟ್ಟಿದ್ದು ಮಾರ್ಚ್. ಅವನ ಅಪ್ಪ ಅಮ್ಮನ ಮದುವೆ ಅದೇ ವರ್ಷ ಅಕ್ಟೋಬರ್. ಗುರುವಾರ ಇದನ್ನ ಸಭೇಲಿ ಗಟ್ಟಿಯಾಗಿ ಓದ್ತಾರೆ, ಲಾಕ್ಲನ್. ಆಮೇಲೆ ನಾನು ಯಾವ ಮುಖ ಹೊತ್ತು ಕೀರ್ತನೆ ಎತ್ತಲಿ?"

"ಅದಕ್ಕೆ ಅವಳ ಮನೆ ಹೋದ್ರೂ ಆಯ್ತಾ?"

ಮುರ್ಡೋ ಕರವಸ್ತ್ರದ ಸಮೇತ ಹಾಳೆಯನ್ನು ಅವನ ಕೈಗಿಟ್ಟ.

* * *

ಇಷ್ಬೆಲ್ ಹಾಳೆಯನ್ನು ಮೊದಲಿನ ಜಾಗದಲ್ಲಿಟ್ಟಳು. ಮುರ್ಡೋ ಟೋಪಿ ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಅಯ್ಯೋ ಪೆದ್ದಪ್ಪ," ಎಂದಳು. "ಚಳಿಗಾಲದಲ್ಲಿ ಒಲೆ ಮುಂದೆ ಕೂತು ವಂಶ ಹೇಳ್ತೀವಲ್ಲ, ಈ ಸಾಲು ಎಲ್ಲರ ಮನೇಲೂ ಹೇಳ್ತಾರೆ. ನಿನ್ನ ಹೆಜ್ಜೆ ಸದ್ದು ಕೇಳಿದಾಗ ಮಾತ್ರ ನುಂಗ್ಕೋತಾರೆ."

ಅವನು ಹೊಸ್ತಿಲು ದಾಟಿ ಒಳಗೆ ಬಂದ.

"ಕೇಸು ಹಾಕ್ತೀರಾ ಅಕ್ಕ?" ಲಾಕ್ಲನ್ ಕೇಳಿದ.

"ಬೇಡ. ಹಾಳೆ ಇರೋದು ನಮ್ಮ ಗೇಲಿಕ್ ಭಾಷೇಲಿ, ನ್ಯಾಯಾಧೀಶರಿಗೆ ಅದು ಬರಲ್ಲ." ಅವಳು ಮುರ್ಡೋನ ಕಡೆ ತಿರುಗಿದಳು. "ಗುರುವಾರ ನೀನೇ ಬಂದು ಓದು. ಇಡೀ ಹಾಳೆ."